ಮಿಸ್ಡ್ ಕಾಲ್‌ಗೆ ಮೋಟರ್ ಓಡಿಸುವುದು: 2ಜಿಯಿಂದ ಲೋರಾವರೆಗೆ

ಸಾಗರ, ಹೊಸನಗರ ಕಡೆಯ ಅಡಿಕೆ ತೋಟಗಳ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಕೂರಿಸುವುದು ನನ್ನ ಕಸುಬು. ಬೋರ್ಡ್ ನಾನೇ ಬೆಸೆದು, ಪ್ರೋಗ್ರಾಂ ನಾನೇ ಬರೆದು ಕೊಡುತ್ತೇನೆ. ಇಲ್ಲಿ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಬರುವುದೇ ರಾತ್ರಿ. ಮೋಟರ್ ಇರುವುದು ಗುಡ್ಡದ ಕೆಳಗೆ, ದಾರಿ ತುಂಬ ಉಂಬಳ, ಹಾವು. ಮನೆಯಲ್ಲೇ ಕೂತು ಮೋಟರ್ ಆನ್ ಮಾಡಬೇಕು ಅಂತ ಯಾರಿಗೆ ಅನ್ನಿಸುವುದಿಲ್ಲ ಹೇಳಿ. ಈ ಒಂದು ಕೆಲಸದ ನೆಪದಲ್ಲಿ ವೈರ್‌ಲೆಸ್‌ನ ಎಲ್ಲ ತಲೆಮಾರುಗಳೂ ನನ್ನ ಕೈಯಲ್ಲಿ ಹಾದುಹೋದವು.

ಶುರು ಮಾಡಿದ್ದು ಹಳೇ ಕೀಪ್ಯಾಡ್ ಮೊಬೈಲ್‌ನಿಂದ. ಹ್ಯಾಂಡ್ಸ್‌ಫ್ರೀ ಚುಚ್ಚಿ ಆಟೋ ಆನ್ಸರ್ ಹಾಕಿದರೆ ಫೋನ್ ತಾನೇ ಕರೆ ಎತ್ತಿಕೊಳ್ಳುತ್ತದೆ. ಇಯರ್‌ಫೋನ್ ತಂತಿಯನ್ನು ಎಂಟಿ8870 ಅನ್ನುವ ಚಿಪ್‌ಗೆ ಕೊಟ್ಟರೆ ಆಯ್ತು. ಮನೆಯಿಂದ 5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಕೇಳುತ್ತವೆ, ಚಿಪ್ ಅದನ್ನು ಗುರುತಿಸಿ ರಿಲೇ, ಅಂದರೆ ಕರೆಂಟಿನಿಂದ ಆಡುವ ಸ್ವಿಚ್, ಎಳೆಯುತ್ತದೆ. ಖರ್ಚು ಕಡಿಮೆ, ಮಾಡುವುದು ಸುಲಭ. ಆದರೆ ಸಂಜೆ ಹೊತ್ತು ಕೈಕೊಡುತ್ತಿತ್ತು. ಕಾರಣ ನಮ್ಮ 2ಜಿಯ ತಂತ್ರಜ್ಞಾನವಾದ ಜಿಎಸ್ಎಂನಲ್ಲೇ ಇದೆ. ಅದು ಮಾತನ್ನು ಸೆಕೆಂಡಿಗೆ 13 ಕಿಲೋಬಿಟ್‌ಗೆ ಹಿಂಡಿ ಕಳಿಸುತ್ತದೆ. ಟವರ್ ತುಂಬಿದಾಗ ಹಾಫ್ ರೇಟ್ ಅಂತ 5.6ಕ್ಕೆ ಇಳಿಸುವ ಅವಕಾಶವೂ ಅದರಲ್ಲಿದೆ. ಆ ಹಿಂಡುವಿಕೆ ಮನುಷ್ಯರ ಗಂಟಲಿಗೆ ಮಾಡಿದ್ದು, ಕೀಲಿ ಸ್ವರಕ್ಕಲ್ಲ. ಮಾತು ಹೇಗೋ ಅರ್ಥವಾಗುತ್ತದೆ, ಸ್ವರ ಮಾತ್ರ ಕೆಟ್ಟು ಬರುತ್ತದೆ.

ಹಾಗಾಗಿ ಧ್ವನಿಯ ಸಹವಾಸವೇ ಬೇಡ ಅಂತ, ಸಿಮ್ ಹಾಕಿ ಬೋರ್ಡಿಗೆ ಬೆಸೆಯುವ ಪುಟ್ಟ 2ಜಿ ಫೋನ್ ಇದ್ದ ಹಾಗಿರುವ ಸಿಮ್900 ಮಾಡ್ಯೂಲ್‌ಗೆ ಬಂದೆ. ಕರೆ ಬಂದರೆ ಅದು 'ರಿಂಗ್' ಅನ್ನುತ್ತದೆ, ಕರೆ ಮಾಡಿದವರ ನಂಬರನ್ನೂ ಹೇಳುತ್ತದೆ. ನಂಬರ್ ಪಟ್ಟಿಯಲ್ಲಿದ್ದರೆ ಕರೆ ಕಡಿದು ಮೋಟರ್ ಆನ್, ಇಲ್ಲದಿದ್ದರೆ ಸುಮ್ನೆ ಕಡಿಯುವುದು. ಒಂದು ಮಿಸ್ಡ್ ಕಾಲ್, ಒಂದು ಪೈಸೆ ಖರ್ಚಿಲ್ಲ. ನನ್ನ ಪ್ರಕಾರ ನಮ್ಮ ರೈತರಿಗೆ 2ಜಿ ಕೊಟ್ಟ ದೊಡ್ಡ ಉಪಕಾರ ಇದೇ.

ಇದನ್ನು ಬೆಸೆಯುವಾಗ ಕಷ್ಟ ಕೊಡುವುದು ಪವರ್ ಸಪ್ಲೈ. 900 ಮೆಗಾಹರ್ಟ್ಸ್‌ನಲ್ಲಿ ಜಿಎಸ್ಎಂ ಫೋನ್ 2 ವ್ಯಾಟ್‌ವರೆಗೂ ಬಿಡುತ್ತದೆ, ಅದೂ ಒಂದೇ ಸಮನೆ ಅಲ್ಲ. ಒಂದು ಚಾನೆಲ್ಲನ್ನು 8 ಜನ ಸರದಿಯಲ್ಲಿ ಬಳಸುತ್ತಾರಲ್ಲ, ನಮ್ಮ ಸರದಿ ಬರುವುದು 4.6 ಮಿಲಿಸೆಕೆಂಡಿಗೊಮ್ಮೆ. ಅಂದರೆ ಸೆಕೆಂಡಿಗೆ 217 ಸಲ. ಹಿಂದೆಲ್ಲ ಕರೆ ಬರುವ ಮೊದಲು ಪಕ್ಕದ ರೇಡಿಯೋ ಟರ್ರ್ ಟರ್ರ್ ಅನ್ನುತ್ತಿತ್ತು, ನೆನಪಿದೆಯಾ? ಅದೇ ಇದು. ಆ ಪ್ರತಿ ಸರದಿಯಲ್ಲೂ ಮಾಡ್ಯೂಲ್ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಸಪ್ಲೈ ಕುಸಿದರೆ ಮಾಡ್ಯೂಲ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ನೋಡಿದವರು ಸಿಗ್ನಲ್ ಇಲ್ಲ ಅಂದುಕೊಳ್ಳುತ್ತಾರೆ. ಮಾಡ್ಯೂಲಿನ ಪವರ್ ಪಿನ್ನಿಗೆ ತಾಗಿದ ಹಾಗೆ 1000 ಮೈಕ್ರೋಫ್ಯಾರಡ್‌ಗಿಂತ ದೊಡ್ಡ ಕೆಪಾಸಿಟರ್ ಹಾಕಿ. ಅದು ಬಚ್ಚಲಿನ ಹಂಡೆ ಇದ್ದ ಹಾಗೆ, ನಲ್ಲಿ ಸಣ್ಣದಿದ್ದರೂ ಒಮ್ಮೆಗೆ ಚೊಂಬು ತುಂಬ ನೀರು ಸಿಗುತ್ತದೆ.

ಇನ್ನೊಂದು ನಿಯಮ ಇವತ್ತಿಗೂ ಬಿಟ್ಟಿಲ್ಲ. ರಿಲೇ ಎಳೆದ ಮಾತ್ರಕ್ಕೆ 'ಮೋಟರ್ ಆನ್' ಅಂತ ಮೆಸೇಜ್ ಕಳಿಸುವುದಿಲ್ಲ. ತಂತಿಯ ಸುತ್ತ ಕರೆಂಟ್ ಅಳೆಯುವ ಸಿಟಿ ಕಾಯಿಲ್ ಹಾಕಿ, ಕರೆಂಟ್ ನಿಜಕ್ಕೂ ಹರಿಯುತ್ತಿದೆಯಾ ನೋಡಿ ಆಮೇಲೆ ಕಳಿಸುತ್ತೇನೆ. ಒಂದು ಫೇಸ್ ಹೋದರೆ, ಬಾವಿ ಬತ್ತಿದರೆ ಅದೂ ಇಲ್ಲೇ ಗೊತ್ತಾಗುತ್ತದೆ.

3ಜಿ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. 2010ರಲ್ಲಿ ನಮ್ಮಲ್ಲಿ ಹರಾಜಾಯಿತು, ಸ್ಪೀಡ್ ಬಂತು, ನನ್ನ ಪೆಟ್ಟಿಗೆಗೆ ಅದರಿಂದ ಏನೂ ಆಗಲಿಲ್ಲ. ತಮಾಷೆ ಅಂದರೆ, ದೊಡ್ಡ ಖಾಸಗಿ ಕಂಪನಿಗಳು ಹಳೇ ನೆಟ್‌ವರ್ಕ್ ಮುಚ್ಚುವಾಗ ಮೊದಲು ಮುಚ್ಚಿದ್ದು 3ಜಿಯನ್ನೇ, 2ಜಿ ಉಳಿಯಿತು. ಕೀಪ್ಯಾಡ್ ಫೋನ್, ಸ್ವೈಪಿಂಗ್ ಮಷೀನ್, ನನ್ನಂಥವರ ಪೆಟ್ಟಿಗೆ ಎಲ್ಲ ನೇತುಬಿದ್ದಿದ್ದು 2ಜಿಗೆ. 3ಜಿ ಫೋನ್ ಇದ್ದವರು ಹೇಗೂ 4ಜಿ ಫೋನ್ ತಗೊಂಡರು.

ಮುಂದೆ 4ಜಿ ಮಾಡ್ಯೂಲ್‌ಗೆ ಬದಲಾಯಿಸುವಾಗ ಪ್ರೋಗ್ರಾಂ ಪೂರ್ತಿ ಹೊಸದಾಗಿ ಬರೆಯಬೇಕೇನೋ ಅನ್ನುವ ಭಯ ಇತ್ತು. ಹೆಚ್ಚೇನೂ ಮುಟ್ಟಬೇಕಾಗಲಿಲ್ಲ. ಮಾಡ್ಯೂಲ್ ಜೊತೆ ಮಾತಾಡುವ ಎಟಿ ಕಮಾಂಡ್‌ಗಳು ಹೇಸ್ ಕಂಪನಿಯ 1981ರ ಟೆಲಿಫೋನ್ ಮೋಡೆಮ್‌ನಿಂದ ಬಂದವು. ಜಿಎಸ್ಎಂನವರು ಅದನ್ನು ತಮ್ಮ ಸ್ಟ್ಯಾಂಡರ್ಡ್‌ಗೆ ಸೇರಿಸಿಕೊಂಡರು, ಈಗ ಅದು ಮೊಬೈಲ್ ಸ್ಟ್ಯಾಂಡರ್ಡ್ ಬರೆಯುವ 3ಜಿಪಿಪಿ ಒಕ್ಕೂಟದ 27.007, 27.005 ದಾಖಲೆಗಳಲ್ಲಿದೆ. ಗಾಳಿಯಲ್ಲಿ ಸಿಗ್ನಲ್ ಹಂಚಿಕೊಳ್ಳುವ ರೀತಿ ಬದಲಾಯಿತು. 2ಜಿಯ ಟಿಡಿಎಂಎ ಹೋಗಿ 3ಜಿಯ ಡಬ್ಲ್ಯೂಸಿಡಿಎಂಎ ಬಂತು, ಅದೂ ಹೋಗಿ 4ಜಿಯ ಒಎಫ್‌ಡಿಎಂಎ ಬಂತು. ಕೆಳಗೆ ಮೆಸೇಜ್ ಓದುವ ಕಮಾಂಡ್ ಅದೇ. ಸ್ಟ್ಯಾಂಡರ್ಡ್ ಅಂದರೆ ಏನು ಪ್ರಯೋಜನ ಅಂತ ನನಗೆ ಕೈಯಾರೆ ಗೊತ್ತಾಗಿದ್ದು ಆಗಲೇ. ಪವರ್ ಕಾಟವೂ ಕಡಿಮೆಯಾಯಿತು. 4ಜಿಯ ಗರಿಷ್ಠ ಸುಮಾರು 0.2 ವ್ಯಾಟ್ ಅಷ್ಟೇ.

ಏಟು ಬಿದ್ದಿದ್ದು ಮಿಸ್ಡ್ ಕಾಲ್‌ಗೆ. 4ಜಿಯಲ್ಲಿ ಹಳೇ ರೀತಿಯ ಕರೆಯೇ ಇಲ್ಲ, ಎಲ್ಲವೂ ಡೇಟಾ. ಕಂಪನಿಗೆ 2ಜಿಯೂ ಇದ್ದರೆ ಕರೆ ಬಂದಾಗ ಮಾಡ್ಯೂಲ್ 2ಜಿಗೆ ಇಳಿದು ರಿಂಗ್ ಆಗುತ್ತದೆ. ಬರೀ 4ಜಿ ಕಂಪನಿಯ ಸಿಮ್ ಹಾಕಿದರೆ ವೋಲ್ಟಿ, ಅಂದರೆ 4ಜಿ ಡೇಟಾದಲ್ಲೇ ಕರೆ ಸಾಗಿಸುವ ರೀತಿ, ಗೊತ್ತಿರುವ ಮಾಡ್ಯೂಲೇ ಬೇಕು. ಅಗ್ಗದ ಎಷ್ಟೋ ಮಾಡ್ಯೂಲ್‌ಗಳಿಗೆ ಅದು ಬರುವುದಿಲ್ಲ. ಕೊಳ್ಳುವ ಮೊದಲು ಬ್ಯಾಂಡ್, ಅಂದರೆ ಅದು ಕೆಲಸ ಮಾಡುವ ತರಂಗದ ಪಟ್ಟಿ, ಕೂಡ ನೋಡಿ. ಬೇರೆ ದೇಶಕ್ಕೆ ಮಾಡಿದ ಮಾಡ್ಯೂಲ್‌ನಲ್ಲಿ ನಮ್ಮ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ಇಲ್ಲದಿರಬಹುದು. 2300ರ ಬ್ಯಾಂಡ್ 40 ಪೇಟೆಗೆ ಸರಿ, ನಮ್ಮ ಕಣಿವೆಗಳಲ್ಲಿ ಇಳಿಯುವುದಿಲ್ಲ.

"5ಜಿ ಬಂತಲ್ಲ ಮಾರಾಯ, ಮೋಟರಿಗೂ ಅದನ್ನೇ ಹಾಕು" ಅನ್ನುವವರು ಈಗ ತುಂಬ ಜನ. ಮೋಟರಿಗೆ ಬೇಕಾಗಿದ್ದು ಆನ್, ಆಫ್, ಅಷ್ಟೇ ಅಲ್ವಾ? ಇಂಥ ಪುಟ್ಟ ಕೆಲಸಕ್ಕೆ 4ಜಿಯಲ್ಲೇ ಕ್ಯಾಟ್ 1 ಅನ್ನುವ ದರ್ಜೆ ಇದೆ. 4ಜಿ ಸ್ಟ್ಯಾಂಡರ್ಡ್‌ನ ಮೊದಲ ಆವೃತ್ತಿಯಾದ 2008ರ ರಿಲೀಸ್ 8ರಿಂದಲೇ ಇದ್ದದ್ದು. ಸೆಕೆಂಡಿಗೆ 10 ಮೆಗಾಬಿಟ್ ಇಳಿಕೆ, ನಮಗೆ ಅದೂ ಹೆಚ್ಚು. ಒಂದೇ ಆಂಟೆನಾ ಸಾಕಾಗುವ ಕ್ಯಾಟ್ 1 ಬಿಸ್ ಇನ್ನೂ ಒಳ್ಳೆಯದು.

ಯಾವ ಟವರೂ ಮುಟ್ಟದ ಕಣಿವೆಗಳಿಗೆ ಲೋರಾ ಹಾಕುತ್ತೇನೆ. ಟವರ್ ಇಲ್ಲದೆ, ಕಡಿಮೆ ಪವರಿನಲ್ಲಿ ದೂರಕ್ಕೆ ಪುಟ್ಟ ಮೆಸೇಜ್ ಕಳಿಸುವ ರೇಡಿಯೋ ಅದು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, ಟ್ರಾನ್ಸ್‌ಮಿಟರ್ 1 ವ್ಯಾಟ್ ಮೀರಬಾರದು. ನಾನು ಹಾಕುವುದು 0.1 ವ್ಯಾಟ್‌ನದು. ಅದರ ಅತಿ ನಿಧಾನದ ಮಟ್ಟವಾದ ಎಸ್‌ಎಫ್12ರಲ್ಲಿ ಸೆಕೆಂಡಿಗೆ ಸುಮಾರು 250 ಬಿಟ್ ಮಾತ್ರ. 'ಆನ್' ಅನ್ನುವುದಕ್ಕೇ ಸುಮಾರು ಒಂದು ಸೆಕೆಂಡು ಬೇಕು. ಆದರೆ ಗದ್ದಲಕ್ಕಿಂತ ಕೆಳಗಿರುವ ಸಿಗ್ನಲನ್ನೂ ಅದು ಹೆಕ್ಕುತ್ತದೆ. ಸಿಮ್ ಇಲ್ಲ, ರೀಚಾರ್ಜ್ ಇಲ್ಲ. ಒದ್ದೆ ಅಡಿಕೆ ಸೋಗೆ ಸಿಗ್ನಲ್ ನುಂಗುತ್ತದೆ, ಅದಕ್ಕೇ ಪರೀಕ್ಷೆ ಮಾಡುವುದಿದ್ದರೆ ಮಳೆ ಬಂದ ಮರುದಿನ ಮಾಡಿ. ಆಂಟೆನಾವನ್ನು ಪಂಪ್ ಮನೆಯ ತಗಡಿನ ಒಳಗೆ ಇಡಬೇಡಿ, ಮಾಡಿನ ಮೇಲೆ ಪೈಪ್ ಏರಿಸಿ ಕಟ್ಟಿ. ಯಾರೋ ನಿಮ್ಮ ಸಿಗ್ನಲ್ ಹಿಡಿದು ಅದನ್ನೇ ಮತ್ತೆ ಬಿಡಬಹುದು, ಹಾಗಾಗಿ ಪ್ರತಿ ಮೆಸೇಜಲ್ಲೂ ಏರುತ್ತಾ ಹೋಗುವ ಒಂದು ಸಂಖ್ಯೆ ಸೇರಿಸಿ, ಅದರ ಸಮೇತ ಗುಟ್ಟಿನ ಕೀಲಿಯಿಂದ ಸಹಿ ಹಾಕಿಸುತ್ತೇನೆ.

ಈಗ ಹೆಚ್ಚಾಗಿ ಮಾಡುವುದು ಎರಡರ ಜೋಡಿ. ಮನೆಯಲ್ಲಿ ವೈಫೈ ಪೆಟ್ಟಿಗೆ, ಅಲ್ಲಿಂದ ತೋಟಕ್ಕೆ ಲೋರಾ. ಬೆಂಗಳೂರಲ್ಲಿರುವ ಮಗನೂ ಅಲ್ಲಿಂದಲೇ ನೀರು ಬಿಡಬಹುದು. ಆದರೆ ಅಪ್ಪ ಅದೇ ಹೊತ್ತಿಗೆ ಮೋಟರ್ ರಿಪೇರಿಗೆ ಕೈ ಹಾಕಿರಬಹುದಲ್ಲ? ಅದಕ್ಕೆ ಪಂಪ್ ಮನೆಯಲ್ಲಿ ಕೈಯಿಂದ ತಿರುಗಿಸುವ ಬೀಗದ ಸ್ವಿಚ್ ಇಟ್ಟೇ ಇಡುತ್ತೇನೆ. ಅದನ್ನು ಆಫ್ ಮಾಡಿದರೆ, ಮೋಟರಿಗೆ ಕರೆಂಟ್ ಕೊಡುವ ದೊಡ್ಡ ರಿಲೇಯಾದ ಕಾಂಟ್ಯಾಕ್ಟರ್‌ಗೆ ಹೋಗುವ ತಂತಿಯೇ ಕಡಿಯುತ್ತದೆ. ಸ್ವಿಚ್ ಬೇಡ, ಖರ್ಚು ಉಳಿಸಿ ಅಂದವರಿಗೆ ನಾನು ಪೆಟ್ಟಿಗೆ ಕೊಡುವುದಿಲ್ಲ.