ಅಂಗೈ ಬಿಸಿ ಮತ್ತು ರಟ್ಟಿನ ಪೆಟ್ಟಿಗೆ

ಅತ್ತೆಯ ನೋಯುವ ಮಂಡಿ ಮೇಲೆ ಕೈ ಇಟ್ಟು ಐದು ನಿಮಿಷ ಆಗಿರಲಿಲ್ಲ. "ಬಿಸಿ ಬರ್ತಿದೆ ಕಣೇ, ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ" ಅಂದರು. ರೇಕಿ ಅಂದರೆ ಕೈ ಇಟ್ಟು ಗುಣಪಡಿಸುತ್ತೇವೆ ಅನ್ನುವ ಜಪಾನಿ ಪದ್ಧತಿ. ಅದರ ಫಸ್ಟ್ ಡಿಗ್ರಿ, ಅಂದರೆ ಮೊದಲ ಹಂತ, ಮುಗಿಸಿ ಆಗ ಒಂದೇ ವಾರ. ನನ್ನ ಖುಷಿ ಕೇಳಬೇಡಿ.

ಕ್ಲಾಸಿನಲ್ಲಿ ಹೇಳಿದ್ದು ಇದು: ನಾವು ಪ್ರಾಣ ಅನ್ನುವುದನ್ನು ಚೀನಾದವರು ಚೀ ಅಂತಾರೆ, ಜಪಾನಿನವರು ಕಿ ಅಂತಾರೆ. ಅದು ಸಲೀಸಾಗಿ ಹರಿದರೆ ಆರೋಗ್ಯ, ಎಲ್ಲಾದರೂ ಕಟ್ಟಿಕೊಂಡರೆ ಕಾಯಿಲೆ. ಕೈ ಇಡುವವರು ಬರೀ ನಲ್ಲಿ, ನೀರು ನಮ್ಮದಲ್ಲ. 1922ರಲ್ಲಿ ಕ್ಯೋಟೋ ಹತ್ತಿರದ ಕುರಾಮ ಬೆಟ್ಟದಲ್ಲಿ ಉಪವಾಸ ಕೂತ ಮಿಕಾವೊ ಉಸುಯಿಗೆ ಇದು ಒಲಿಯಿತಂತೆ. ಆಮೇಲೆ ಹವಾಯಿಗೆ ತಂದವರು ಹವಾಯೊ ತಕಾಟಾ ಅನ್ನುವ ಹೆಣ್ಣುಮಗಳು.

ಎರಡು ವರ್ಷ ಕಳೆದ ಮೇಲೆ ಮಗಳು ಎಮಿಲಿ ರೋಸಾ ಕಥೆ ತಂದಳು. ಅಮೆರಿಕದ ಹುಡುಗಿ, ಪ್ರಯೋಗ ಮಾಡಿದಾಗ ಒಂಬತ್ತು ವರ್ಷ. ರೇಕಿಯ ಹಾಗೆಯೇ ಕೈಯಿಂದ ಶಕ್ತಿ ತಿಳಿಯುತ್ತೇವೆ ಅನ್ನುವ 21 ಜನರನ್ನು ಪರದೆಯ ಹಿಂದೆ ಕೂರಿಸಿ, ಅವರ ಒಂದು ಅಂಗೈ ಮೇಲೆ ತನ್ನ ಕೈ ಹಿಡಿದು, "ಎಡವೋ, ಬಲವೋ?" ಅಂತ ಕೇಳಿದಳು. 280 ಸಲದಲ್ಲಿ 123 ಸರಿ. 1998ರಲ್ಲಿ ಅದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. "ನಾಣ್ಯ ಚಿಮ್ಮಿದ್ರೂ 140ರ ಹತ್ತಿರ ಬರ್ತಿತ್ತಮ್ಮಾ" ಅಂದಳು ಮಗಳು.

ನನಗೂ ಹಟ ಬಂತು. ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಗೆ ಎರಡು ತೂತು ಕೊರೆದು ಕೈ ತೂರಿಸಿ ಕೂತೆ. ಮೊದಲ ಆರೂ ಸರಿ! ಹಿಗ್ಗುವಷ್ಟರಲ್ಲಿ ಗೊತ್ತಾಯಿತು, ಕೈ ಹಿಡಿಯುತ್ತಿದ್ದ ಮಗಳ ಬಳೆ ಸದ್ದು ಮಾಡುತ್ತಿತ್ತು. ಬಳೆ ತೆಗೆಸಿ ಮತ್ತೆ ಇಪ್ಪತ್ತು ಸಲ ಮಾಡಿದೆವು. ಒಂಬತ್ತು ಸರಿ. ಸುಮ್ನೆ ಎದ್ದು ಹೋಗಿ ಕಾಫಿಗೆ ಇಟ್ಟೆ.

ಹಾಗಾದರೆ ಅತ್ತೆಯ ನೋವು ಕಡಿಮೆ ಆಗಿದ್ದು ಸುಳ್ಳಾ? ಅಲ್ಲ. ಆದರೆ ಮೂರನೇ ಸಲ ಕೈ ಇಟ್ಟು ಕೂತಾಗ ಅವರೇ ಬಾಯಿ ಬಿಟ್ಟಿದ್ದರು: ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಈಳಿಗೆಮಣೆ ಮೇಲೆ ಕುಕ್ಕರಗಾಲಲ್ಲಿ ಕೂರ್ತಾರೆ, ಏಳೋವಾಗ ಜೀವ ಹೋಗುತ್ತೆ, ಸೊಸೆ ಅಂತ ನನಗೆ ಹೇಳೋಕೆ ಸಂಕೋಚ ಇತ್ತಂತೆ. ಮರುದಿನವೇ ಚಾಕು, ಮಣೆ ಎಲ್ಲ ಊಟದ ಮೇಜಿನ ಮೇಲೆ ಬಂತು. ಯಾವುದರಿಂದ ಗುಣವಾಯಿತು ಅಂತ ನಾನು ಹೇಳಲಾರೆ. ಕ್ಲಾಸಿನಲ್ಲಿ 'ಇಡೀ ಮನುಷ್ಯನನ್ನು ನೋಡಿ' ಅಂತಲೂ ಹೇಳಿದ್ದರು, ಅದು ನನಗೆ ಅರ್ಥವಾಗಿದ್ದು ಆ ಈಳಿಗೆಮಣೆಯಿಂದ. ಮೈಯ ಶಕ್ತಿಕೇಂದ್ರಗಳು ಅನ್ನುವ ಚಕ್ರಗಳ ಚಾರ್ಟು ಬೀರುವಿನಲ್ಲೇ ಇದೆ.

ಈಗಲೂ ಕೈ ಇಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಬಿಪಿ, ಶುಗರ್ ಮಾತ್ರೆ ನಿಲ್ಲಿಸಿ ಬಂದವರನ್ನು ಮೊದಲು ಮಾತ್ರೆ ನುಂಗಿ ಬನ್ನಿ ಅಂತ ವಾಪಸ್ ಕಳಿಸುತ್ತೇನೆ. ಹೋದ ತಿಂಗಳು ಪಕ್ಕದ ಬೀದಿಯವರೊಬ್ಬರು ಎದೆಯಲ್ಲಿ ಗಂಟು ಅಂತ ಬಂದರು. "ಮೊದಲು ನೀವೇ ಮೂರು ಸಿಟಿಂಗ್ ಕೊಡಿ ಅಕ್ಕಾ, ಆಮೇಲೆ ಡಾಕ್ಟರ್ ನೋಡೋಣ" ಅಂದರು. ಅವತ್ತು ನಾನು ಕೈ ಇಡಲಿಲ್ಲ. ಆಟೋ ಹತ್ತಿಸಿ ಜೊತೆಗೇ ಹೋದೆ. ಸರತಿಯಲ್ಲಿ ಎರಡು ಗಂಟೆ ಕಾಯುವಾಗ ಮಾತ್ರ ಅವರ ಕೈ ಬಿಟ್ಟಿರಲಿಲ್ಲ.