ಇಬ್ಬರೂ ನಿದ್ದೆಹೋದರೆ ದೋಣಿ ಯಾರು ನೋಡುತ್ತಾರೆ?

ತುಮರಿ ಕಡೆಯವರಾದ ನಮಗೆ ನೀರಿನ ಪ್ರಯಾಣವೆಂದರೆ ಹಗಲಿನದು. 2025ರಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆಗುವವರೆಗೆ ಸಾಗರ ಪೇಟೆಗೆ ಹತ್ತಿರದ ದಾರಿ ಲಾಂಚ್. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದಲ್ಲಿ ನೆಂಟರ ಮನೆ ಹುಡುಕಬೇಕು. ಹಾಗೆ ಬಾಳಿದ ಮನೆಯ ಸೊಸೆ ಗಂಡನ ಜೊತೆ ಸಮುದ್ರದಲ್ಲಿ, ಹಾಯಿದೋಣಿಯಲ್ಲಿ, ಇಡೀ ರಾತ್ರಿ ಕಳೆಯುತ್ತೇನೆಂದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಇಬ್ಬರೂ ನಿದ್ದೆಹೋದರೆ ದೋಣಿ ಯಾರು ನೋಡುತ್ತಾರೆ?" ಎರಡು ಚಳಿಗಾಲ ಗೋವಾಕ್ಕೆ ಹೋಗಿ ಹಾಯಿ ನಡೆಸುವುದನ್ನು ಕಲಿತಿದ್ದೆವು. ಅಷ್ಟು ಸರಿಯಾದ ಪ್ರಶ್ನೆಯನ್ನು ಅಲ್ಲಿ ಯಾರೂ ನಮಗೆ ಕೇಳಿರಲಿಲ್ಲ.

ಅಡಿಕೆ ಕೊಯ್ಲು, ಸುಲಿಗೆ ಎಲ್ಲ ಮುಗಿದಮೇಲೆ, ಫೆಬ್ರುವರಿಯ ಒಂದು ತ್ರಯೋದಶಿಯಂದು ಹೊರಟೆವು. ಬೆಳಗಿನ ಜಾವದವರೆಗೆ ಬೆಳದಿಂಗಳು ಸಿಗಲಿ ಎಂಬ ಲೆಕ್ಕ. ದೋಣಿ ಇವರ ಸ್ನೇಹಿತರದು, 26 ಅಡಿ ಉದ್ದ. ಗೋವಾದ ಮುರ್ಮುಗಾಂವ್‌ನಿಂದ ಕಾರವಾರಕ್ಕೆ ಸುಮಾರು 40 ನಾಟಿಕಲ್ ಮೈಲಿ, ಎಂದರೆ 74 ಕಿಲೋಮೀಟರ್. ಗಂಟೆಗೆ ಮೂರು ಮೈಲಿ ಸಾಗಿದರೆ ಹದಿಮೂರು ಗಂಟೆಗೂ ಮೇಲೆ. ಪರಿಚಯವಿಲ್ಲದ ಬಂದರನ್ನು ಕತ್ತಲಲ್ಲಿ ಹೊಗಬಾರದು. ಕಾರವಾರದಲ್ಲಂತೂ ನೌಕಾನೆಲೆಯೇ ಇದೆ. ಬಂದರಿನವರಿಗೆ ಮುಂಚೆಯೇ ತಿಳಿಸಿ, ಬೆಳಗ್ಗೆ ಎಂಟಕ್ಕೆ ತಲುಪುವಂತೆ ಹಿಂದಕ್ಕೆ ಎಣಿಸಿ, ಸಂಜೆ ಆರಕ್ಕೆ ಲಂಗರು ಎತ್ತಿದೆವು.

ಮೂರು ಮೂರು ಗಂಟೆಯ ಸರದಿ. ಎಂಟರಿಂದ ಹನ್ನೊಂದು ಇವರದು, ಅಲ್ಲಿಂದ ಎರಡರವರೆಗೆ ನನ್ನದು, ಮತ್ತೆ ಐದರವರೆಗೆ ಇವರದು. ಚುಕ್ಕಾಣಿ ಹಿಡಿದವರು ಲೈಫ್ ಜಾಕೆಟ್ ತೊಟ್ಟು, ಅದರ ಪಟ್ಟಿಯನ್ನು ದೋಣಿಯ ಕೊಂಡಿಗೆ ಸಿಕ್ಕಿಸಿಕೊಂಡಿರಬೇಕು. ಕುಳಿತ ಜಾಗ ಬಿಟ್ಟು ಮುಂದೆ ಹೋಗಬೇಕಾದರೆ ಮಲಗಿದವರನ್ನು ಎಬ್ಬಿಸಲೇಬೇಕು. ಒಬ್ಬರು ಸದ್ದಿಲ್ಲದೆ ನೀರಿಗೆ ಬಿದ್ದರೆ ಇನ್ನೊಬ್ಬರಿಗೆ ಗೊತ್ತಾಗುವುದು ಬೆಳಗ್ಗೆಯೇ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ, ಪಾತ್ರೆಯಲ್ಲಿ ಗಂಜಿ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ಅಲೆಯ ಓಲಾಟಕ್ಕೆ ಹೊಟ್ಟೆ ತೊಳಸುವಾಗ ಬೇರೆ ಯಾವುದೂ ಒಳಗೆ ಇಳಿಯುವುದಿಲ್ಲ.

ಎಚ್ಚರವಿರುವುದು ಕಷ್ಟವಾಗಲಿಲ್ಲ. ಸುಲಿಗೆಯ ಕಾಲದಲ್ಲಿ ಮಧ್ಯರಾತ್ರಿಯವರೆಗೆ ಅಡಿಕೆಯ ಮುಂದೆ ಕುಳಿತು ರೂಢಿ ಇತ್ತು. ಮಲಗುವುದೇ ಕಷ್ಟವಾಯಿತು. ಕೆಳಗೆ ಹಾಸಿಗೆಯ ಮೇಲೆ ಬಿದ್ದುಕೊಂಡರೆ ಹಲಗೆಯ ಕಿರುಗು, ಹಗ್ಗದ ಬಡಿತ, ಇವರ ಕೆಮ್ಮು ಎಲ್ಲವೂ ಅಪಾಯದ ಸೂಚನೆಯಂತೆಯೇ ಕೇಳುತ್ತದೆ. ಹತ್ತರ ಸುಮಾರಿಗೆ ಸಂಜೆಯ ಪಡುಗಾಳಿ ಸತ್ತು ಹಾಯಿ ಪಟಪಟ ಬಡಿದುಕೊಳ್ಳತೊಡಗಿದಾಗ ನಾನು ಎದ್ದೇ ಬಿಟ್ಟೆ. "ಇದು ನಿನ್ನ ಸರದಿಯಲ್ಲ, ಮಲಗು" ಎಂದು ಇವರು ಗದರಿದರು. ಕಣ್ಣು ಮುಚ್ಚಿದ್ದೆ, ಅಷ್ಟೇ.

ನನ್ನ ಸರದಿಯಲ್ಲಿ, ಹನ್ನೆರಡು ದಾಟಿದಮೇಲೆ, ಎಡಗಡೆಯಿಂದ ತಣ್ಣನೆಯ ಗಾಳಿ ಬಂತು. ರಾತ್ರಿ ನೆಲ ಸಮುದ್ರಕ್ಕಿಂತ ಬೇಗ ತಣಿಯುವುದರಿಂದ ದಡದ ಕಡೆಯಿಂದ ಏಳುವ ಗಾಳಿ ಅದು. ಒಲೆಯ ಹೊಗೆ, ಒಣ ಎಲೆಗಳ ವಾಸನೆ ಹೊತ್ತು ತಂದಿತ್ತು. ನಮ್ಮ ಘಟ್ಟದ ಗಾಳಿಯೇ ಎಂದುಕೊಂಡು ಒಂದು ಕ್ಷಣ ಮೈಮರೆತೆ. ತಲೆ ಎತ್ತಿದರೆ ಎದುರಿಗೆ ಕೆಂಪು ದೀಪ, ಹಸಿರು ದೀಪ, ಎರಡೂ. ಒಂದೇ ಬಣ್ಣ ಕಂಡರೆ ಆ ದೋಣಿಯ ಪಕ್ಕ ಕಾಣುತ್ತಿದೆ ಎಂದರ್ಥ. ಎರಡೂ ಕಂಡರೆ ಅದು ನೇರವಾಗಿ ನಮ್ಮತ್ತಲೇ ಬರುತ್ತಿದೆ. ಹಾಯಿ ಕಟ್ಟುವ ಕೂವೆಮರವನ್ನು ಹಿಡಿದು ನಿಲ್ಲಿಸಿದ ಕಂಬಿಗೆ ಹೊಂದಿಸಿ ನೋಡಿದೆ. ದೀಪಗಳು ಕಂಬಿ ಬಿಟ್ಟು ಆಚೀಚೆ ಸರಿಯಲಿಲ್ಲ, ದೊಡ್ಡದಾದವು. ಎಂದರೆ ಡಿಕ್ಕಿಯ ದಾರಿಯೇ. ಆಗಲೇ ಎಬ್ಬಿಸಬೇಕಿತ್ತು. ಈಗಷ್ಟೇ ಕಣ್ಣು ಹತ್ತಿದೆ, ಪಾಪ, ಎಂದು ತಡೆದೆ. ಕೊನೆಗೆ ಹಾಯಿ ಸಡಿಲಿಸಿ ಬಲಕ್ಕೆ ತಿರುಗಿಸಿದೆ. ಹಸಿರು ಮರೆಯಾಗಿ ಕೆಂಪು ಮಾತ್ರ ಉಳಿಯಿತು. ಮೀನುದೋಣಿಯೊಂದು ಜೋರಾಗಿ ಹಾಡು ಹಾಕಿಕೊಂಡು ನಮ್ಮ ಎಡಕ್ಕೆ ಹಾದುಹೋಯಿತು. ಅವರು ನಮ್ಮನ್ನು ನೋಡಿದರೋ ಇಲ್ಲವೋ.

ಹಾಡಿಗೆ ಎದ್ದು ಬಂದ ಇವರಿಗೆ ವಿಷಯ ತಿಳಿದಾಗ ಸಿಟ್ಟು ನೆತ್ತಿಗೇರಿತು. "ತಿರುಗಿಸಿದ್ದು ಸರಿ, ಎಬ್ಬಿಸದಿದ್ದದ್ದು ತಪ್ಪು. ಅನುಮಾನ ಬಂದರೆ ಸಾಕು, ಎಬ್ಬಿಸಬೇಕು" ಎಂದರು. ಒಪ್ಪಿಕೊಂಡೆ. ಎರಡಕ್ಕೆ ಚುಕ್ಕಾಣಿ ಕೊಟ್ಟು ಮಲಗಿದವಳಿಗೆ ಆಗ ಮಾತ್ರ ಗಾಢ ನಿದ್ದೆ ಬಂತು.

ಕಣ್ಣು ಬಿಟ್ಟಾಗ ಆರೂವರೆ, ಬೆಳಕು ಹರಿಯುತ್ತಿತ್ತು. 1864ರಿಂದ ಉರಿಯುತ್ತಿರುವ, ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ದೂರದಲ್ಲಿ ಕಾಣುತ್ತಿತ್ತು. ಇವರು ಚುಕ್ಕಾಣಿಗೆ ಒರಗಿ, ಕೆಂಪಾದ ಕಣ್ಣುಗಳನ್ನು ಬಲವಂತವಾಗಿ ತೆರೆದುಕೊಂಡು ಕುಳಿತಿದ್ದರು.

"ಐದಕ್ಕೆ ಏಕೆ ಎಬ್ಬಿಸಲಿಲ್ಲ?"

"ಚೆನ್ನಾಗಿ ಮಲಗಿದ್ದೆ. ಮನಸ್ಸಾಗಲಿಲ್ಲ."

ಮುಂದಿನ ಒಂದೂವರೆ ಗಂಟೆ ಗದರುವ ಸರದಿ ನನ್ನದಾಯಿತು.