ಪುಸ್ತಕ ಯಾವ ಲೈಬ್ರರಿಯಲ್ಲಿದೆ? ಮನೆಯಿಂದಲೇ ನೋಡಿ

ವಿರಾಜಪೇಟೆಯಿಂದ ಮಳೆಯಲ್ಲಿ ಬಸ್ ಹತ್ತಿ ಮಡಿಕೇರಿಗೆ ಹೋಗಿ, ‘ಆ ಪುಸ್ತಕ ಇಲ್ಲ’ ಅನ್ನಿಸಿಕೊಂಡು ಬರುವುದು ಬೇಸರ ಅಲ್ವಾ? ಹೊರಡುವ ಮೊದಲು ಮೊಬೈಲ್‌ನಲ್ಲಿ ಕ್ಯಾಟಲಾಗ್, ಅಂದರೆ ಲೈಬ್ರರಿಯ ಪುಸ್ತಕಪಟ್ಟಿ, ನೋಡಿ.

‘ಪಟ್ಟೋಲೆ ಪಳಮೆ’ಯನ್ನೇ ಹುಡುಕೋಣ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಹಾಡು, ಪದ್ಧತಿಗಳನ್ನು ಕೂಡಿಸಿ 1924ರಲ್ಲಿ ಹೊರತಂದ ಪುಸ್ತಕ ಅದು. ಭಾಷೆ ಕೊಡವ, ಲಿಪಿ ಕನ್ನಡ.

ಮೊದಲು ಹತ್ತಿರದ ಲೈಬ್ರರಿಗೆ ಸ್ವಂತ ಕ್ಯಾಟಲಾಗ್ ಇದ್ದರೆ ಅದನ್ನು ತೆರೆಯಿರಿ. ಅಲ್ಲಿ ಸಿಗದಿದ್ದರೆ ಇಂಡ್‌ಕ್ಯಾಟ್‌ಗೆ ಹೋಗಿ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಪುಸ್ತಕಪಟ್ಟಿ ಆ ವೆಬ್‌ಸೈಟ್‌ನಲ್ಲಿ ಒಂದೇ ಕಡೆ ಇದೆ. ಆಮೇಲೆ ವರ್ಲ್ಡ್‌ಕ್ಯಾಟ್. ಹೊರದೇಶದ ಲೈಬ್ರರಿಗಳು ಅದರಲ್ಲಿ ಜಾಸ್ತಿ.

ಹೆಚ್ಚಿನವರು ಸೋಲುವುದು ಕಾಗುಣಿತದಲ್ಲಿ. ಕನ್ನಡದಲ್ಲಿ ಟೈಪ್ ಮಾಡಿ ಏನೂ ಬರದಿದ್ದರೆ ಪುಸ್ತಕ ಇಲ್ಲ ಅಂತ ಅಲ್ಲ. ಎಷ್ಟೋ ಕಡೆ ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ದಾಖಲಿಸಿರುತ್ತಾರೆ. ಅದರಲ್ಲೂ ಅಮೆರಿಕದ ಲೈಬ್ರರಿಗಳ ಪದ್ಧತಿಯೇ ಬೇರೆ. ನಾವು ‘ಚ’ಗೆ ಸಿ, ಎಚ್ ಎರಡನ್ನೂ ಬರೆಯುತ್ತೇವೆ, ಅವರು ಬರೀ ಸಿ ಬರೆಯುತ್ತಾರೆ. ಹಾಗಾಗಿ ಚಿಣ್ಣಪ್ಪ ಅಂತ ಹುಡುಕುವಾಗ ಎಚ್ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ನೋಡಿ. ದೀರ್ಘ ಸ್ವರ ಅಂತ ಇಂಗ್ಲಿಷ್ ಅಕ್ಷರವನ್ನು ಎರಡು ಸಲ ಒತ್ತಬೇಡಿ, ಒಂದು ಸಾಕು.

ಮನೆತನದ ಹೆಸರೂ ತೊಡಕು. ನಮ್ಮಲ್ಲಿ ಅದು ಮೊದಲು ಬರುತ್ತದೆ. ಕ್ಯಾಟಲಾಗ್‌ನಲ್ಲಿ ‘ಚಿಣ್ಣಪ್ಪ, ನಡಿಕೇರಿಯಂಡ’ ಎಂದು ತಿರುವಿಟ್ಟಿರಬಹುದು. ಎರಡೂ ಕ್ರಮದಲ್ಲಿ ಹುಡುಕಿ.

ಪುಸ್ತಕದ ಹೆಸರು ಗೊತ್ತಿಲ್ಲ, ಊರಿನ ಚರಿತ್ರೆ ಬೇಕು ಅಂದರೆ ‘ಕೊಡಗು’ ಜೊತೆಗೆ ‘ಕೂರ್ಗ್’ ಅಂತಲೂ ಹಾಕಿ. 1956ರಲ್ಲಿ ಮೈಸೂರಿಗೆ ಸೇರುವವರೆಗೂ ಇದು ಕೂರ್ಗ್ ರಾಜ್ಯವಾಗಿತ್ತು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಆ ಹೆಸರೇ ಇರುತ್ತದೆ.

ಪುಸ್ತಕ ಸಿಕ್ಕಿತಾ? ಭಾಷೆ, ವರ್ಷ ನೋಡಿ. ಪಟ್ಟೋಲೆ ಪಳಮೆಗೆ 2003ರಲ್ಲಿ ಇಂಗ್ಲಿಷ್ ಅನುವಾದ ಬಂದಿದೆ; ಸುಮ್ನೆ ಹೆಸರು ನೋಡಿ ಹೊರಟರೆ ಅದೇ ಕೈಗೆ ಬಂದೀತು. ‘ರೆಫರೆನ್ಸ್’ ಅಂತಿದ್ದರೆ ಅಲ್ಲೇ ಕೂತು ಓದಬೇಕು, ಮನೆಗೆ ಕೊಡುವುದಿಲ್ಲ. ಪಕ್ಕದಲ್ಲಿರುವ ಕರೆಸಂಖ್ಯೆಯನ್ನು ಬರೆದುಕೊಳ್ಳಿ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಇರುತ್ತದೆ. ಕಪಾಟು ಹುಡುಕಲು ಕರೆಸಂಖ್ಯೆಯೇ ವಿಳಾಸ.

ಆಮೇಲೆ ಒಂದು ಫೋನ್ ಮಾಡಿ, ಆ ಸಂಖ್ಯೆ ಹೇಳಿ. ಪುಸ್ತಕ ಕಪಾಟಿನಲ್ಲೇ ಇದೆಯಾ ಅಂತ ಅವರು ನೋಡಿ ಹೇಳಿದ ಮೇಲೆ ಬಸ್ ಹತ್ತಿ.